ವ್ಯಂಗ್ಯಚಿತ್ರಗಳಿಗೆ ನಂಬರ್ ಬಿದ್ದ ವರ್ಷ

ನಾನೀಗ ಸೌದಿಯ ಅಲ್ ಖರ್ಜಿನ ಡೈರಿಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಯಂತ್ರಗಳ ನಕ್ಷೆ, ಕಾಗದಪತ್ರಗಳನ್ನು ಕಾಯುವುದು ನನ್ನ ಕೆಲಸ. ಹೋದ ತಿಂಗಳು ಒಂದು ಬೆಳಿಗ್ಗೆ ಹಾಲು ತಣ್ಣಗಿಡುವ ವಿಭಾಗದಲ್ಲಿ ಪೈಪು ಬಿರಿದು ಅಮೋನಿಯಾ ಸ್ವಲ್ಪ ಸೋರಿತು. ಎಲ್ಲರೂ ಮೂಗು ಮುಚ್ಚಿಕೊಂಡು ಹೊರಗೋಡಿ ಗೋಡೆಯ ನೆರಳಿನಲ್ಲಿ ಸಾಲಾಗಿ ನಿಂತೆವು. ಕಣ್ಣಲ್ಲಿ ನೀರು. ಅಷ್ಟರಲ್ಲಿ ನನಗೆ ಅಬ್ಕೈಕ್ ನೆನಪಾಯಿತು. ಹದಿನಾರು ವರ್ಷದ ಹಿಂದೆ ನಾನು ಕೆಲಸಕ್ಕೆ ಸೇರಿದ ಅಲ್ಲಿನ ನಕ್ಷೆಕೋಣೆಯಲ್ಲಿ ನೀಲಿ ಪ್ರತಿ ತೆಗೆಯುವ ಯಂತ್ರವೊಂದಿತ್ತು. ಅದಕ್ಕೂ ಇದೇ ವಾಸನೆ.

ಹೀಗೆ ಬರೆದ ಕೂಡಲೇ ಅನುಮಾನ ಶುರುವಾಗುತ್ತದೆ. ನಾನು ಸೇರುವ ಹೊತ್ತಿಗೆ ಆ ಯಂತ್ರ ಕೆಟ್ಟು ಮೂಲೆ ಸೇರಿತ್ತು. ಅದರ ವಾಸನೆಯನ್ನು ನಾನೇ ಮೂಸಿದ್ದೆನೋ, ಇನ್ನೊಬ್ಬರು ಹೇಳಿದ್ದನ್ನು ಕೇಳಿ ಮೂಗಿಗೆ ಏರಿಸಿಕೊಂಡೆನೋ ತಿಳಿಯದು. ಅದೂ ಅಲ್ಲದೆ, ವಾಸನೆಯಿಂದ ನೆನಪಾಯಿತು ಎಂಬುದೇ ಸುಳ್ಳಿರಬಹುದು. ಆಮೇಲೆ ಫೋನ್ ತೆಗೆದು ನೋಡಿದೆ. ರೀಮಾಳ ಧ್ವನಿಸಂದೇಶ ಅದಕ್ಕೂ ಮೂರು ದಿನ ಮೊದಲೇ ಬಂದಿತ್ತು.

“ರಫೀಕ್ ಅಂಕಲ್, ನಾನು ರೀಮಾ, ಅಬ್ಕೈಕ್ ಫೆಲಿಕ್ಸ್ ಅವರ ಮಗಳು. ಈಗ ಜುಬೈಲಲ್ಲಿ ಟೀಚರ್. ಡ್ಯಾಡಿಗೆ ಸೆವೆಂಟಿ ಆಗ್ತದೆ. ಶಿರ್ವದಲ್ಲಿ ಸಣ್ಣ ಫಂಕ್ಷನ್ ಉಂಟು. ನೀವು ಎರಡು ನಿಮಿಷದ ವಿಡಿಯೋ ಕಳಿಸ್ಬೇಕು. ಆ ಕಾರ್ಟೂನ್ ಸ್ಟೋರಿ ಹೇಳಿ ಪ್ಲೀಸ್. ಡ್ಯಾಡಿ ಬೇಕಂತಲೇ ಅದನ್ನು ಹಾಕಿದ್ದು, ‘ಅವ್ರೂ ಒಮ್ಮೆ ನೋಡ್ಲಿ’ ಅಂತ ಹೇಳಿದ್ದು, ಎಲ್ಲ. ನೀವೇ ಅಲ್ವಾ ವಿಟ್ನೆಸ್? ಡ್ಯಾಡಿಗೆ ಮಾತ್ರ ಹೇಳ್ಬೇಡಿ.”

ಸಾಕ್ಷಿ! ಇಷ್ಟು ವರ್ಷ ನನ್ನ ತಲೆಯೊಳಗೆ ನಡೆಯುತ್ತಿರುವ ವಿಚಾರಣೆಯಲ್ಲಿ ನಾನು ಸಾಕ್ಷಿಯಾಗಿರಲೇ ಇಲ್ಲ. ಅಪರಾಧಿಯ ಜಾಗದಲ್ಲೇ ನಿಂತಿದ್ದೆ. ಫೆಲಿಕ್ಸರ ಕೆಲಸ ಹೋದದ್ದು ನನ್ನ ಒಂದು ಮಾತಿನಿಂದ ಎಂದು ನಂಬಿದ್ದೆ. ‘ಅವರೂ ಒಮ್ಮೆ ನೋಡಲಿ’ ಎಂದದ್ದು ನಾನು.

ನಾನು ಉಪ್ಪಿನಂಗಡಿಯ ಕಡೆಯವನು. ಇತಿಹಾಸದಲ್ಲಿ ಎಂ.ಎ. ಮಾಡಿ ಎರಡು ವರ್ಷ ಕಾಲೇಜುಗಳ ಬಾಗಿಲು ಬಡಿದು, ಕೊನೆಗೆ ಇಲ್ಲಿಗೆ ಬಂದೆ. ಅಬ್ಕೈಕಿನ ತೈಲ ಘಟಕಕ್ಕೆ ಸಂಬಂಧಿಸಿದ ಹಳೆಯ ನಕ್ಷೆಗಳನ್ನೆಲ್ಲ ಸ್ಕ್ಯಾನ್ ಮಾಡಿ, ನಂಬರ್ ಕೊಟ್ಟು, ಕಂತುಕಂತಾಗಿ ಒಪ್ಪಿಸುವ ಗುತ್ತಿಗೆ ನಮ್ಮ ಪುಟ್ಟ ಕಂಪನಿಗೆ ಸಿಕ್ಕಿತ್ತು. ಒಂದು ಪೋರ್ಟಾ ಕ್ಯಾಬಿನ್, ಎರಡು ದೊಡ್ಡ ಸ್ಕ್ಯಾನರ್, ಗೋಡೆಯುದ್ದಕ್ಕೂ ಕಬ್ಬಿಣದ ಚಪ್ಪಟೆ ಡ್ರಾಯರುಗಳು. ಅಲ್ಲಿನ ಹಿರಿಯರು ಫೆಲಿಕ್ಸ್, ಶಿರ್ವದವರು. ತುಳು ಬಲ್ಲ ನಾವೆಲ್ಲ ಊರಿನ ಕ್ರಿಸ್ತುವರನ್ನು ಕರೆಯುವಂತೆ ನಾನೂ ಅವರನ್ನು ‘ಪೊರ್ಬುಗಳೇ’ ಎನ್ನುತ್ತಿದ್ದೆ. ನನ್ನ ಡಿಗ್ರಿ ಕೇಳಿದ ದಿನದಿಂದ ಅವರು ನನ್ನನ್ನು ‘ಮಾಸ್ಟ್ರೇ’ ಎಂದರು. ಇಪ್ಪತ್ತೆಂಟು ವರ್ಷ ನಕ್ಷೆಗಳಿಗೆ ನಂಬರ್ ಹಾಕಿದ ಮನುಷ್ಯ. ಅವರ ಅಕ್ಷರ ಅಚ್ಚಿನಂತಿತ್ತು. ಹೆಂಡತಿ ಲಿಲ್ಲಿಬಾಯಿ ಮತ್ತು ಮಗಳು ದಮ್ಮಾಮಿನ ಫ್ಲ್ಯಾಟಿನಲ್ಲಿದ್ದರು. ಫೆಲಿಕ್ಸ್ ಅಲ್ಲಿಂದ ದಿನಾ ಕಂಪನಿ ಬಸ್ಸಿನಲ್ಲಿ ಬರುತ್ತಿದ್ದರು, ಟಿಫಿನ್ನಿನಲ್ಲಿ ಬಂಗುಡೆ ಸಾರು ಹಿಡಿದು.

ರೀಮಾ ಆಗ ಹನ್ನೆರಡನೇ ಕ್ಲಾಸು. ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ. ಆ ವರ್ಷ ಫೆಲಿಕ್ಸರ ಮಾತೆಲ್ಲ ಮಾರ್ಚಿನ ಕಡೆಗೇ ಹರಿಯುತ್ತಿತ್ತು. ತಂದೆಯ ಇಕಾಮಾ, ಎಂದರೆ ಇಲ್ಲಿ ವಾಸಿಸುವ ಪರವಾನಗಿ, ಇದ್ದರೆ ಮಾತ್ರ ಮಗಳು ಇಲ್ಲಿ. ಅದು ರದ್ದಾದರೆ ಮೂವರೂ ಗಂಟುಮೂಟೆ ಕಟ್ಟಬೇಕು. ನಡುವರ್ಷ ಊರಿಗೆ ಹೋದರೆ ಯಾವ ಕಾಲೇಜೂ ಸೇರಿಸಿಕೊಳ್ಳುವುದಿಲ್ಲ, ಒಂದು ವರ್ಷ ನೀರಿನಲ್ಲಿ ಹೋಮ.

“ಮಾರ್ಚಿನ ತನಕ ನನ್ನನ್ನು ಸಿಂಹ ತಿನ್ಲಿಕ್ಕೆ ಬಂದ್ರೂ ನಿಲ್ಲು ಅಂತೇನೆ ಮಾಸ್ಟ್ರೇ. ಏಪ್ರಿಲಲ್ಲಿ ಬಾ, ಉಪ್ಪು ಖಾರ ಹಾಕಿ ತಿನ್ನು ಅಂತೇನೆ” ಎನ್ನುತ್ತಿದ್ದರು.

ಚಿತ್ರಗಳು ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ಇದರಲ್ಲಿ ಅನುಮಾನವಿಲ್ಲ, ಯಾಕೆಂದರೆ ಸಮುದ್ರದ ಕಡೆಯಿಂದ ತೇವದ ಗಾಳಿ ಬಂದು ಕ್ಯಾಬಿನ್ ಬಾಗಿಲು ತೆರೆದ ಕೂಡಲೇ ಕನ್ನಡಕ ಮಸುಕಾಗುವ ದಿನಗಳು ಅವು. ಹೊರಗೆ ಕಾಲಿಟ್ಟರೆ ಅರ್ಧ ನಿಮಿಷ ಕುರುಡ. ದೂರದ ಗ್ಯಾಸ್ ಉರಿ ಆ ಮಸುಕಿನಲ್ಲಿ ಕಿತ್ತಳೆ ಬಣ್ಣದ ಕಲೆಯಂತೆ ಕಾಣುತ್ತಿತ್ತು. ಕೊನೆಯ ಡ್ರಾಯರು ಜಾಮ್ ಆಗಿತ್ತು. ಹಮೀದಾಕ ಬಂದು ಒದ್ದು ತೆಗೆದರು. ಹಮೀದಾಕ ಎಂದರೆ ಉಳ್ಳಾಲದ ಹಮೀದ್, ನಮ್ಮ ಕಂಪನಿಯ ಮಂದೂಬ್. ಇಕಾಮಾ, ವೀಸಾ, ಮೆಡಿಕಲ್ ಎಂದು ಸರ್ಕಾರಿ ಕಚೇರಿಗಳಿಗೆ ಅಲೆಯುವುದು ಅವರ ಕೆಲಸ. ಎಲ್ಲರ ಪಾಸ್‌ಪೋರ್ಟಿನ ಜಾತಕ ಅವರ ನಾಲಗೆ ತುದಿಯಲ್ಲಿ.

ಒಳಗೆ ಹಳದಿಗಟ್ಟಿದ ದಪ್ಪ ಕಾಗದದ ಹಾಳೆಗಳು. ಒಂದು ಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದ ಪೈಪು, ವಾಲ್ವುಗಳ ಕರಡು ನಕ್ಷೆ. ತಿರುಗಿಸಿದರೆ ಅಚ್ಚಾದ ಚಿತ್ರಗಳು. ಎರಡನೇ ಮಹಾಯುದ್ಧ ಮುಗಿದ ಮೇಲಿನ ವರ್ಷಗಳ ರಾಜಕೀಯ ವ್ಯಂಗ್ಯಚಿತ್ರದ ಪೋಸ್ಟರುಗಳು. ಯಾವನೋ ಪರದೇಶದ ಎಂಜಿನಿಯರ್ ತನ್ನ ಊರಿನಿಂದ ತಂದು ಗೋಡೆಗೆ ಹಚ್ಚಿದ್ದಿರಬೇಕು. ಯುದ್ಧದ ನಂತರ ಇಲ್ಲಿ ಒಳ್ಳೆಯ ಕಾಗದಕ್ಕೆ ತತ್ವಾರವಿದ್ದಿರಬೇಕು. ಹಾಗಾಗಿ ಬೆನ್ನಮೇಲೆ ನಕ್ಷೆ ಎಳೆದಿರಬೇಕು. ಇದೆಲ್ಲ ನನ್ನ ಊಹೆ.

ಒಂದರಲ್ಲಿ ಪಾರಿವಾಳವೊಂದು ಗುಮಾಸ್ತನ ಕನ್ನಡಕ ಹಾಕಿಕೊಂಡು ಮೇಜಿನ ಹಿಂದೆ ಕುಳಿತು, ಕೈಯಿಲ್ಲದ ಸೈನಿಕನೊಬ್ಬನಿಗೆ ‘ನಾಳೆ ಬಾ’ ಎಂದು ಮುದ್ರೆ ಒತ್ತುತ್ತಿತ್ತು. ಇನ್ನೊಂದರಲ್ಲಿ ಕರಡಿ ಒಂದು ಕಡೆ, ಉದ್ದ ಟೋಪಿಯವನು ಇನ್ನೊಂದು ಕಡೆ ನಿಂತು ಒಂದೇ ಕಂಬಳಿಯನ್ನು ಎಳೆದಾಡುತ್ತಿದ್ದರು. ಕಂಬಳಿಯ ಕೆಳಗೆ ಒಂದು ಸಂಸಾರ ಚಳಿಗೆ ಮುದುಡಿ ಮಲಗಿತ್ತು. ಮತ್ತೊಂದರಲ್ಲಿ ಇಬ್ಬರು ದಡಿಯರು ಭೂಗೋಳವನ್ನು ಬಚ್ಚಂಗಾಯಿಯಂತೆ, ಎಂದರೆ ಕಲ್ಲಂಗಡಿಯಂತೆ, ಹೋಳು ಮಾಡುತ್ತಿದ್ದರು. ಸುತ್ತ ನಿಂತ ಬಡಕಲು ಜನರ ಅಂಗೈಯಲ್ಲಿ ಬರೀ ಬೀಜ. ಒಟ್ಟು ಹನ್ನೊಂದು.

ನಾನು ಹುಚ್ಚನಂತಾದೆ. ಓದಿದ ಇತಿಹಾಸ ಯಾವ ಕೆಲಸಕ್ಕೂ ಬಾರದೆ ಇದ್ದವನ ಎದುರು ಅದು ತಾನಾಗಿ ಡ್ರಾಯರಿನಿಂದ ಎದ್ದು ಬಂದಿತ್ತು. ಕರಡಿ ಎಂದರೆ ರಷ್ಯಾ, ಟೋಪಿಯವನು ಅಮೆರಿಕ ಎಂದೆಲ್ಲ ಅರ್ಧ ಗಂಟೆ ಭಾಷಣ ಮಾಡಿದೆ. ಫೆಲಿಕ್ಸ್ ಪಾರಿವಾಳದ ಚಿತ್ರವನ್ನು ಬಹಳ ಹೊತ್ತು ನೋಡಿದರು.

“ಇದು ನಮ್ಮ ಹಮೀದ್ ದಿನಾ ನೋಡುವ ಆಫೀಸರ್ ಅಲ್ವಾ?”

“ಚಶ್ಮ ಅದೇ ನೋಡಿ! ‘ಬುಕ್ರಾ ಬುಕ್ರಾ’ ಅಂತಲೇ ನನ್ನ ಚಪ್ಪಲಿ ಸವೆಸಿದ ಪುಣ್ಯಾತ್ಮ” ಎಂದರು ಹಮೀದಾಕ. ‘ಬುಕ್ರಾ’ ಎಂದರೆ ನಾಳೆ.

ಈಗ ನಿಯಮದ ಮಾತು. ಹಾಳೆಯ ಎರಡೂ ಬದಿಯಲ್ಲಿ ಕೆಲಸಕ್ಕೆ ಬರುವ ವಿಷಯವಿದ್ದರೆ ಎರಡನ್ನೂ ಸ್ಕ್ಯಾನ್ ಮಾಡಬೇಕು. ಮುಂಬದಿ ‘ಶೀಟ್ ಒನ್ ಆಫ್ ಟೂ’, ಹಿಂಬದಿ ‘ಶೀಟ್ ಟೂ ಆಫ್ ಟೂ’. ಹಿಂಬದಿಯಲ್ಲಿ ಚಹಾದ ಕಲೆ, ಇಸ್ಪೀಟಿನ ಅಂಕ, ಯಾರದೋ ವಿಳಾಸ ಇದ್ದರೆ ಫೆಲಿಕ್ಸ್ ಸುಮ್ಮನೆ ಬಿಟ್ಟುಬಿಡುತ್ತಿದ್ದರು. ಅದು ಅವರ ಇಪ್ಪತ್ತೆಂಟು ವರ್ಷದ ವಿವೇಕ. ಆ ಹನ್ನೊಂದು ಹಾಳೆಗಳ ವಿಷಯದಲ್ಲಿ ಮಾತ್ರ ಬಿಡಲಿಲ್ಲ. ಅಕ್ಟೋಬರಿನ ಕಂತಿನಲ್ಲಿ ಕರಡಿ, ಟೋಪಿ, ಪಾರಿವಾಳ, ಎಲ್ಲವೂ ನಂಬರ್ ಪಡೆದು, ವಾಲ್ವುಗಳ ಜೊತೆ ಸಾಲಾಗಿ ಹೋದವು.

ಯಾಕೆ ಬಿಡಲಿಲ್ಲ? ಇಲ್ಲಿಯೇ ನನ್ನ ಗಂಟು. ನನ್ನ ನೆನಪಿನಲ್ಲಿ ಫೆಲಿಕ್ಸ್ ನಕ್ಷೆಯ ಬದಿ ಸ್ಕ್ಯಾನ್ ಮಾಡಿ ಹಾಳೆಯನ್ನು ಪಕ್ಕಕ್ಕಿಡುತ್ತಾರೆ. ನಾನು ಹಿಂದಿನಿಂದ, “ಈ ಬದಿಯನ್ನೂ ಹಾಕಿ ಪೊರ್ಬುಗಳೇ, ಅವರೂ ಒಮ್ಮೆ ನೋಡಲಿ” ಎನ್ನುತ್ತೇನೆ. ಅವರು ನಗುತ್ತಾರೆ. ಹಾಕುತ್ತಾರೆ.

ಮೊದಲು ತಮಾಷೆಯೇ ಆಯಿತು. ಒಪ್ಪಿಸಿದ ನಕ್ಷೆಗಳನ್ನು ತೈಲ ಘಟಕದವರು ಪರಿಶೀಲಿಸಿ ಮುದ್ರೆ ಒತ್ತಿ ಕಳಿಸುವುದು ವಾಡಿಕೆ. ಮೂರು ವಾರಕ್ಕೆ ಕಂತು ವಾಪಸು ಬಂತು. ಅಷ್ಟರಲ್ಲಿ ಸೆಕೆ ಇಳಿದಿತ್ತು, ಬಾಗಿಲು ತೆರೆದಿಟ್ಟು ಕೂರುವಂತಾಗಿತ್ತು. ಪಾರಿವಾಳದ ಹೊಟ್ಟೆಯ ಮೇಲೆ ಕೆಂಪು ಮುದ್ರೆ: ‘ಪರಿಶೀಲಿಸಿದೆ, ಆಕ್ಷೇಪವಿಲ್ಲ.’ ಹನ್ನೊಂದಕ್ಕೂ ಹಾಗೇ. ನಾವು ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

“ನೋಡಿ ಮಾಸ್ಟ್ರೇ, ಲೋಕಶಾಂತಿಗೆ ಆಕ್ಷೇಪ ಇಲ್ವಂತೆ” ಎಂದರು ಫೆಲಿಕ್ಸ್.

ಹತ್ತು ದಿನ ಕಳೆದು ಘಟಕದ ಮೇಲಧಿಕಾರಿ ಯಾರೋ ನಿಜವಾಗಿಯೂ ಹಾಳೆ ತೆರೆದು ನೋಡಿದರು. ರಾಜಕೀಯದ ಚಿತ್ರ, ಅಧಿಕೃತ ಕಡತದಲ್ಲಿ! ಮುದ್ರೆ ಒತ್ತಿದವನ ಹೆಸರು ಯಾರೂ ಎತ್ತಲಿಲ್ಲ. ನಮ್ಮ ಕಂಪನಿಯಿಂದ ಒಂದು ಹೆಸರು ಬೇಕೆಂದರು. ಮ್ಯಾನೇಜರ್ ಕುರಿಯನ್ ಸಾರ್ ನಮ್ಮಿಬ್ಬರನ್ನೂ ಕರೆದರು. ಕೆಟ್ಟವರಲ್ಲ, ಹೆದರಿದ್ದರು. ಪಾರಿವಾಳದ ಪ್ರತಿಯನ್ನು ಮುಂದೆ ತಳ್ಳಿದರು.

“ಫೆಲಿಕ್ಸ್, ಇದು ಯಾವ ವಾಲ್ವು?”

“ಪಾರಿವಾಳ ಸರ್.”

“ಅದು ನನಗೂ ಕಾಣ್ತದೆ. ಇಲ್ಲಿ ಯಾಕಿದೆ?”

“ಶೀಟ್ ಟೂ ಆಫ್ ಟೂ, ಸರ್.”

ಕುರಿಯನ್ ಸಾರ್ ತಲೆಗೆ ಕೈ ಹಚ್ಚಿದರು. “ಹಾಕಿದ್ದು ಯಾರು? ಯಾರಾದ್ರೂ ಹೇಳಿದ್ರಾ?”

“ರಿಜಿಸ್ಟರಲ್ಲಿ ನನ್ನ ಅಕ್ಷರವೇ ಉಂಟಲ್ಲ ಸರ್. ನಾನೇ.”

ನಾನು ಬಾಯಿ ತೆರೆದೆ. ಮೇಜಿನ ಕೆಳಗೆ ಫೆಲಿಕ್ಸರ ಬೂಟು ನನ್ನ ಪಾದವನ್ನು ಒತ್ತಿತು. ನಾನು ಬಾಯಿ ಮುಚ್ಚಿದೆ. ನನ್ನದಿನ್ನೂ ಪ್ರೊಬೇಷನ್. ಇಷ್ಟು ವರ್ಷ ಆ ಬೂಟಿನ ಭಾರವನ್ನೇ ನಾನು ನನ್ನ ಮೌನಕ್ಕೆ ಸಮರ್ಥನೆಯಾಗಿ ಇಟ್ಟುಕೊಂಡಿದ್ದೆ. ಆದರೆ ಈಚೆಗೆ ಒಂದು ತೊಡಕು ಹೊಳೆಯಿತು. ಕುರಿಯನ್ ಸಾರ್ ಅವರ ಮೇಜಿಗೆ ಗಾಜಿನ ಹಲಗೆಯಿತ್ತು. ಕೆಳಗೆ ಒಬ್ಬರು ಇನ್ನೊಬ್ಬರ ಕಾಲು ತುಳಿದರೆ ಅವರಿಗೆ ಕಾಣದೆ ಇರುತ್ತಿರಲಿಲ್ಲ. ಹಾಗಾದರೆ ಬೂಟು ಎಲ್ಲಿಂದ ಬಂತು?

ಕೂಡಲೇ ಫೈನಲ್ ಎಕ್ಸಿಟ್ ಎಂದಾಯಿತು. ಎಂದರೆ ವೀಸಾ ರದ್ದು, ಸಂಸಾರ ಸಮೇತ ಊರಿಗೆ. ಆವತ್ತು ಫೆಲಿಕ್ಸ್ ಬಸ್ಸಿಗೆ ಹತ್ತದೆ ಕ್ಯಾಬಿನ್ ಮೆಟ್ಟಿಲಲ್ಲಿ ಕುಳಿತಿದ್ದರು. “ಲಿಲ್ಲಿಗೆ ಹೇಳ್ಬಹುದು. ರೀಮಾ ಟ್ರಯಲ್ ಎಗ್ಸಾಮಿಗೆ ಓದ್ತಾ ಇದ್ದಾಳೆ, ಅವಳಿಗೆ ಹೇಗೆ ಹೇಳುದು?” ಎಂದರು. ನಾನು ಆಗಲೂ ಏನೂ ಹೇಳಲಿಲ್ಲ. ಇದರಲ್ಲಿ ಮಾತ್ರ ಯಾವ ಸಂಶಯವೂ ಇಲ್ಲ.

ಉಳಿಸಿದ್ದು ಹಮೀದಾಕ. ಫೆಲಿಕ್ಸರ ಇಕಾಮಾ ಏಪ್ರಿಲ್ ನಡುವಿನವರೆಗೆ ಇತ್ತು. ಅವರನ್ನು ಕಡತಗಳಿಂದ ದೂರ ಇಟ್ಟರೆ ಸಾಕಲ್ಲವೇ, ಖಫ್ಜಿಯ ಯಾರ್ಡಿಗೆ ಹಾಕಿ, ಅಲ್ಲಿ ವಾಲ್ವು ಎಣಿಸಲಿ ಎಂದು ಕುರಿಯನ್ ಸಾರ್ ಅವರನ್ನು ನಾಲ್ಕು ದಿನ ಕಾಡಿ ಒಪ್ಪಿಸಿದರು. “ಆ ಹುಡುಗಿ ಪರೀಕ್ಷೆ ಬರೆಯದೆ ಹೋದರೆ ನಾಳೆ ನಿಮ್ಮ ಮಗಳ ಮುಖ ಹೇಗೆ ನೋಡ್ತೀರಿ ಸಾರ್?” ಎಂದು ಕೇಳಿದರಂತೆ. ಹಾಗೆ ಫೆಲಿಕ್ಸ್ ಕುವೈತ್ ಗಡಿಯ ಖಫ್ಜಿಗೆ ಹೋದರು. ಆ ಚಳಿಗಾಲ ಉತ್ತರದ ಗಾಳಿ ಬಿಡದೆ ಬೀಸಿತು. ಬಯಲಿನಲ್ಲಿ ತುಕ್ಕು ಹಿಡಿದ ವಾಲ್ವುಗಳ ನಡುವೆ ಅವರು ತಲೆಗೆ ಮಫ್ಲರ್ ಸುತ್ತಿಕೊಂಡು ನಿಂತ ಚಿತ್ರ ನನ್ನ ಕಣ್ಣಿನಲ್ಲಿದೆ. ಆದರೆ ನಾನು ಖಫ್ಜಿಗೆ ಹೋಗಿಯೇ ಇಲ್ಲ. ಹದಿನೈದು ದಿನಕ್ಕೊಮ್ಮೆ ಅವರು ದಮ್ಮಾಮಿಗೆ ಬಂದು ಮಗಳ ಮುಖ ನೋಡಿ ಹೋಗುತ್ತಿದ್ದರು. ಮಾರ್ಚಿನಲ್ಲಿ ರೀಮಾ ಎಲ್ಲ ಪೇಪರೂ ಬರೆದಳು. ಏಪ್ರಿಲಿನಲ್ಲಿ ಮೂವರೂ ಹೋದರು. ನಾನು ಏರ್‌ಪೋರ್ಟಿಗೆ ಹೋಗಲಿಲ್ಲ.

ಹೀಗಿರುವಾಗ ಎರಡು ನಿಮಿಷದ ವಿಡಿಯೋದಲ್ಲಿ ಏನು ಹೇಳಲಿ? ಮೊದಲು ಹಮೀದಾಕನಿಗೆ ಫೋನ್ ಮಾಡಿದೆ. ಈಗ ಉಳ್ಳಾಲದಲ್ಲಿ ಮೊಮ್ಮಕ್ಕಳ ಜೊತೆ ಇದ್ದಾರೆ. ನನ್ನ ಕಥೆಯನ್ನು ಪೂರ್ತಿ ಕೇಳಿಸಿಕೊಂಡರು.

“ಎಂತ ಮಾರಾಯ, ನಿಂಗೆ ತಲೆ ಸಮ ಉಂಟಾ? ಆ ಚಿತ್ರ ಸ್ಕ್ಯಾನ್ ಮಾಡಿದ ದಿನ ನೀನು ಆಫೀಸಲ್ಲಿ ಇರ್ಲೇ ಇಲ್ಲ. ನಿನ್ನ ಇಕಾಮಾದ ಮೆಡಿಕಲ್ ಇತ್ತು. ನಾನೇ ದಮ್ಮಾಮಿಗೆ ಕರ್ಕೊಂಡು ಹೋದದ್ದು. ಸೂಜಿ ನೋಡಿ ನೀನು ಕಣ್ಣು ಮುಚ್ಚಿದ್ದು ನಂಗೆ ನೆನಪುಂಟು.”

“ಅದು ಬೇರೆ ದಿನ ಹಮೀದಾಕ.”

“ಬೇರೆ ದಿನ ಅಲ್ಲ. ವಾಪಸ್ ಬರುವಾಗ ಪೊರ್ಬುಗಳು ಸ್ಕ್ಯಾನರ್ ಆಫ್ ಮಾಡ್ತಾ ಇದ್ರು. ‘ಎಲ್ಲ ಮುಗಿಸಿದೆ’ ಅಂದ್ರು.”

“ಬಚ್ಚಂಗಾಯಿಯ ಚಿತ್ರ ಇತ್ತಲ್ಲ, ಅದನ್ನು ಹಾಕುವಾಗ ನಾನು...”

“ಬಚ್ಚಂಗಾಯಿ ಎಲ್ಲಿತ್ತು ಚಿತ್ರದಲ್ಲಿ? ಅದು ನಾವು ತಿಂದದ್ದಲ್ವಾ, ಆ ಡ್ರಾಯರ್ ಮೇಲೆ ಇಟ್ಟು ಕೊಯ್ದು! ಚಿತ್ರ ಇದ್ದದ್ದು ನಾಲ್ಕೋ ಐದೋ. ಹನ್ನೊಂದು ಅಂತೆ!”

ಫೋನಿಟ್ಟೆ. ಬಚ್ಚಂಗಾಯಿಯಂತೆ ಕೊಯ್ದ ಭೂಗೋಳವನ್ನು ನಾನು ಎಂ.ಎ. ಓದುವಾಗ ಯಾವುದೋ ಪುಸ್ತಕದಲ್ಲಿ ನೋಡಿರಲೂಬಹುದು. ನಮ್ಮ ಪ್ರಾಧ್ಯಾಪಕರೊಬ್ಬರು ಕಲಿಸಿದ ಪಾಠ ಒಂದೇ: ಸಾಕ್ಷಿ ಹೇಳುವವನಿಗೆ ಆ ಸಾಕ್ಷಿಯಿಂದ ಏನು ಸಿಗುತ್ತದೆ ನೋಡಿ. ನನ್ನನ್ನು ಬಿಡಿಸುವ ನೆನಪುಗಳನ್ನು, ಆ ಬೂಟಿನಂಥವನ್ನು, ನಾನು ತಡವಾಗಿಯಾದರೂ ಜರಡಿ ಹಿಡಿದಿದ್ದೇನೆ. ನನ್ನನ್ನು ದೂರುವ ನೆನಪನ್ನು ಮಾತ್ರ ಒಮ್ಮೆಯೂ ಹಿಡಿಯಲಿಲ್ಲ. ಅದರಿಂದಲೂ ಲಾಭವಿದೆ. ತಪ್ಪು ನನ್ನದಾದರೆ ಕಥೆ ನನ್ನದು. ಮೂರು ತಿಂಗಳ ಹಿಂದೆ ಸೇರಿದ ಹುಡುಗನ ಒಂದು ಮಾತು ಇಡೀ ಕಡತವನ್ನು ಅಲುಗಿಸಿತು ಎಂದಾಗುತ್ತದೆ. ರೀಮಾಳ ಕಥೆಯಲ್ಲಿ ನಾನು ಪಕ್ಕದಲ್ಲಿ ನಿಂತು ನೋಡಿದವನು, ಅಷ್ಟೇ. ಆ ಸಂದೇಶ ಕೇಳಿದಾಗ ಚುಚ್ಚಿದ್ದು ಪಶ್ಚಾತ್ತಾಪವೋ, ಪಾತ್ರ ಕೈಬಿಟ್ಟು ಹೋದ ಸಂಕಟವೋ?

ಆದರೂ ಆ ವಾಕ್ಯ ಇದೆಯಲ್ಲ, ‘ಅವರೂ ಒಮ್ಮೆ ನೋಡಲಿ’. ನಾನು ಹೇಳಿದ್ದನ್ನು ಫೆಲಿಕ್ಸ್ ಮನೆಗೆ ಒಯ್ದರೇ? ಅವರು ಹೇಳಿದ್ದನ್ನು ನಾನು ಎತ್ತಿಕೊಂಡೆನೇ? ಒಬ್ಬರಂತೂ ಇನ್ನೊಬ್ಬರದನ್ನು ಕದ್ದಿದ್ದೇವೆ. ಕೇಳಲು ಇನ್ನು ಒಬ್ಬರೇ ಉಳಿದಿದ್ದರು. ವಿಡಿಯೋದ ಸುದ್ದಿ ಎತ್ತದೆ ಶಿರ್ವಕ್ಕೆ ಫೋನ್ ಮಾಡಿದೆ.

“ಯಾರು? ಮಾಸ್ಟ್ರಾ! ಊರಿಗೆ ಬಂದ್ರಾ ಎಂತ?”

“ಇಲ್ಲ, ಸುಮ್ಮನೆ ಮಾಡಿದೆ. ಆ ಚಿತ್ರಗಳು ನೆನಪುಂಟಾ ಪೊರ್ಬುಗಳೇ?”

“ಮರೀಲಿಕ್ಕೆ ಬಿಡ್ಬೇಕಲ್ಲ ಇವ್ರು! ಮನೆಗೆ ಯಾರು ಬಂದ್ರೂ ಅದೇ. ನಮ್ಮ ಅಳಿಯ ಮದುವೆಗೆ ಮೊದಲೇ ಕೇಳಿ ಆಗಿತ್ತು. ಡ್ಯಾಡಿ ಆಫೀಸಲ್ಲಿ ಬಾಂಬ್ ಇಟ್ಟ ಹಾಗೆ ಹೇಳ್ತಾಳೆ ರೀಮಾ.”

ಅವರು ನಗುತ್ತಿದ್ದರು. ಆ ನಗುವಿನ ನಡುವೆಯೇ ಹೇಳಿಬಿಟ್ಟೆ: “ಆ ಬದಿ ಹಾಕಿ ಅಂತ ನಿಮಗೆ ಹೇಳಿದ್ದು ನಾನು ಅಂತ ನನ್ನ ತಲೆಯಲ್ಲಿದೆ. ನನ್ನಿಂದಲೇ ನಿಮಗೆ ಅದೆಲ್ಲ ಆಯಿತು ಅಂತ. ಅವತ್ತು ಕುರಿಯನ್ ಸಾರ್ ಮುಂದೆ ನಾನು ಹೇಳಬೇಕಿತ್ತು.”

ಆ ಕಡೆ ನಗು ನಿಂತಿತು. ಹಿಂದೆ ಕುಕ್ಕರ್ ಕೂಗಿದ್ದು ಕೇಳಿಸಿತು. ಫೆಲಿಕ್ಸ್ ಎದ್ದು ಎಲ್ಲಿಗೋ ನಡೆದರು. ಬಾಗಿಲು ಎಳೆದ ಸದ್ದು ಬಂತು.

“ನೀವು ಹೇಳಿದ್ದು ನಿಮ್ಗೆ ಗ್ಯಾರಂಟಿ ಉಂಟಾ?”

“ಇಲ್ಲ. ಹಮೀದಾಕ ನಾನು ಇರಲೇ ಇಲ್ಲ ಅಂತಾರೆ.”

“ಗ್ಯಾರಂಟಿ ಇಲ್ಲದ್ದನ್ನು ಯಾಕೆ ಎಳ್ಕೊಳ್ತೀರಿ?” ದನಿ ತಗ್ಗಿತ್ತು. “ಮಾಸ್ಟ್ರೇ, ಇಪ್ಪತ್ತೆಂಟು ವರ್ಷ ನಂಬರ್ ಹಾಕಿದೆ ನಾನು. ಹಾಳೆಯಲ್ಲಿ ಎಂತ ಉಂಟು ಅಂತ ಒಬ್ರೂ ನನ್ನ ಹತ್ರ ಕೇಳ್ಲಿಲ್ಲ. ನೋಡಿದ್ರೂ ನೋಡದ ಹಾಗೆ ಹಾಕ್ತಾ ಹೋಗುದು, ಅಷ್ಟೇ. ನನ್ನ ಮಗಳು ನನ್ನ ಬಗ್ಗೆ ಹೇಳ್ಲಿಕ್ಕೆ ಇರುವ ಕಥೆ ಅದೊಂದೇ. ಅದು ನಂದು ಅಂತ ಇರ್ಲಿ ಬಿಡಿ.”

‘ನಂದು’ ಎಂದರೆ ನಿಜವಾಗಿಯೂ ಅವರದೋ, ಅವರದಾಗಿ ಇರಲೆಂದು ನನ್ನನ್ನು ಬೇಡುತ್ತಿದ್ದಾರೋ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅವರು ಉತ್ತರ ಕೊಡುತ್ತಿದ್ದರೇನೋ. ಕೊಟ್ಟಿದ್ದರೆ ಅದನ್ನು ನಾನು ನಂಬುತ್ತಿದ್ದೆನೇ? ಮೀನಿನ ಸುದ್ದಿ, ಮೊಣಕಾಲಿನ ಸುದ್ದಿ ಮಾತಾಡಿ ಫೋನಿಟ್ಟೆವು.

ಶುಕ್ರವಾರ ನಮಾಜಿನಿಂದ ಬಂದು, ಕಿಟಕಿಯ ಬೆಳಕು ಮುಖಕ್ಕೆ ಬೀಳುವಂತೆ ಕುಳಿತು ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿಟ್ಟೆ. ಮೊದಲ ಸಲ ‘ನನಗೆ ಸರಿಯಾಗಿ ನೆನಪಿಲ್ಲ, ಆದರೆ...’ ಎಂದು ಶುರುಮಾಡಿದೆ. ಎಪ್ಪತ್ತು ತುಂಬುವವರ ಎದುರು, ನೆಂಟರಿಷ್ಟರ ಎದುರು ಈ ‘ಆದರೆ’ ಎಷ್ಟು ಹೊಲಸಾಗಿ ಕೇಳಿಸುತ್ತದೆ ಎಂದು ಹೊಳೆದು ಅಳಿಸಿದೆ. ಎರಡನೇ ಸಲ ತಪ್ಪೊಪ್ಪಿಕೊಂಡೆ. ಕೇಳಿ ನೋಡಿದರೆ ಎರಡು ನಿಮಿಷದಲ್ಲಿ ಹದಿನೆಂಟು ಸಲ ‘ನಾನು’ ಬಂದಿತ್ತು, ಫೆಲಿಕ್ಸ್ ಮೂರೇ ಸಲ. ಅದನ್ನೂ ಅಳಿಸಿದೆ.

ಮೂರನೇ ಸಲ ಹೇಳಿದೆ: “ರೀಮಾ, ನಿಮ್ಮ ಡ್ಯಾಡಿಗೆ ಆ ಬದಿ ಹಾಕಿ ಅಂತ ಯಾರೂ ಹೇಳಿರಲಿಲ್ಲ. ಹಾಳೆ ತಿರುಗಿಸಿ ಅವರೇ ಹಾಕಿದರು. ‘ಅವರೂ ಒಮ್ಮೆ ನೋಡಲಿ’ ಅಂದರು. ನಾನು ಪಕ್ಕದಲ್ಲೇ ನಿಂತಿದ್ದೆ.”

ಕಳಿಸಿದೆ. ಹತ್ತು ನಿಮಿಷದೊಳಗೆ ಅವಳಿಂದ ಅಳುವ ಮುಖ, ನಗುವ ಮುಖ, ಕೈ ಮುಗಿದ ಗುರುತು ಒಟ್ಟಿಗೆ ಬಂದವು.

ಅದಾಗಿ ಮೂರು ವಾರ. ಈಗ ಆ ಮಧ್ಯಾಹ್ನ ನನಗೆ ಬೇರೆಯದೇ ರೀತಿಯಲ್ಲಿ ಕಾಣತೊಡಗಿದೆ. ಫೆಲಿಕ್ಸ್ ನಕ್ಷೆಯ ಬದಿ ಮುಗಿಸಿ ಹಾಳೆಯನ್ನು ಪಕ್ಕಕ್ಕಿಡುವುದಿಲ್ಲ. ಎರಡೂ ಕೈಯಲ್ಲಿ ಎತ್ತಿ ಹಿಡಿದು ನೋಡುತ್ತಾರೆ. ಒಮ್ಮೆ ಬಾಗಿಲ ಕಡೆ ತಿರುಗುತ್ತಾರೆ. ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿ ಮತ್ತೆ ಹಾಕಿಕೊಳ್ಳುತ್ತಾರೆ. ಆಮೇಲೆ ಹಾಳೆಯನ್ನು ನಿಧಾನವಾಗಿ ಮಗುಚಿ, ಪಾರಿವಾಳದ ಮುಖ ಕೆಳಗೆ ಮಾಡಿ, ಗಾಜಿನ ಮೇಲೆ ಇಟ್ಟು ಗುಂಡಿ ಒತ್ತುತ್ತಾರೆ. ಹಸಿರು ಬೆಳಕು ಅವರ ಗಲ್ಲದ ಕೆಳಗೆ ಸರಿದು ಹೋಗುತ್ತದೆ. ಕೋಣೆಯಲ್ಲಿ ಇನ್ನು ಯಾರೂ ಇಲ್ಲ, ನಾನೂ ಇಲ್ಲ. ಇಷ್ಟು ಸ್ಪಷ್ಟವಾಗಿ ಆ ವರ್ಷದ ಬೇರೆ ಯಾವುದೂ ನನಗೆ ನೆನಪಿಲ್ಲ.